ಕೆಂಡದ ಮೇಲಿನ ಮೀನು



ಸತ್ತು ಮೂರನೆಯ ದಿನ ಎದ್ದು ಬಂದವನು ಯಾರ ಬಾಗಿಲಿಗೆ ಹೋಗಬೇಕಿತ್ತು? ನಮ್ಮ ಸಿನಿಮಾ ಲೆಕ್ಕದಲ್ಲಾದರೆ, ಶಿಲುಬೆಗೆ ಹಾಕಿಸಿದ ಪಿಲಾತನ ಬಾಗಿಲಿಗೆ. ಯೇಸು ಅತ್ತ ತಲೆಹಾಕಲೇ ಇಲ್ಲ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ತೆರೆದರೆ ಆತ ಸಿಗುವುದು ಗಲಿಲಾಯದ ಸರೋವರದ ದಡದಲ್ಲಿ, ಬೆಳ್ಳಂಬೆಳಗ್ಗೆ, ಕೆಂಡದ ಮೇಲೆ ಮೀನಿಟ್ಟುಕೊಂಡು. ಪಕ್ಕದಲ್ಲಿ ರೊಟ್ಟಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಏಳು ಮಂದಿ ಶಿಷ್ಯರಿಗೆ ಬೆಳಗಿನ ತಿಂಡಿ ಅದು.

ದೋಣಿಯಲ್ಲಿ ಬಂದವರಲ್ಲಿ ಪೇತ್ರನೂ ಇದ್ದ. ಯೇಸುವನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇಂಥದೇ ಕೆಂಡದ ಮುಂದೆ ಚಳಿ ಕಾಯಿಸುತ್ತಾ, ಆತನ ಗುರುತೇ ಇಲ್ಲವೆಂದು ಮೂರು ಸಲ ಹೇಳಿ ಜಾರಿಕೊಂಡವನು. ಯೇಸು ಅದನ್ನು ಎತ್ತಿ ಆಡಲಿಲ್ಲ. ಮೊದಲು ಬಡಿಸಿದ. ಆಮೇಲೆ, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಕೆಲಸ ಒಪ್ಪಿಸಿದ.

ರೊಟ್ಟಿ ಕೊಟ್ಟ ಆ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಎದ್ದು ಬಂದದ್ದನ್ನು ನಂಬದಿದ್ದ ಶಿಷ್ಯ ತೋಮನಿಗೆ ಮುಟ್ಟಿ ನೋಡು ಎಂದು ತೋರಿಸಿದ್ದೂ ಅದನ್ನೇ. ಪುನರುತ್ಥಾನವೆಂದರೆ ನೋವಿನ ಗುರುತೇ ಅಳಿಸಿಹೋಗುವುದು ಎಂದುಕೊಂಡವರಿಗೆ ಇದು ಇರುಸುಮುರುಸು. ನನಗಂತೂ ಇಡೀ ಕಥೆಯಲ್ಲಿ ನಂಬಿಕೆ ಹುಟ್ಟಿಸುವ ಜಾಗವೇ ಇದು. ಈಸ್ಟರ್ ರಾತ್ರಿ ಚರ್ಚಿನಲ್ಲಿ ಮೇಣದಬತ್ತಿ ಹಿಡಿದು ನಿಲ್ಲುವುದು ಸುಲಭ. ಸೋಮವಾರ ಬೆಳಗ್ಗೆ, ಜಾಗದ ತಕರಾರಿಗೆ ಮಾತು ಬಿಟ್ಟ ತಮ್ಮನನ್ನು ತಿಂಡಿಗೆ ಕರೆಯುವುದಿದೆಯಲ್ಲ, ಅಲ್ಲಿ ಗಂಟಲು ಕಟ್ಟುತ್ತದೆ.

ಗಾಯ ಇಟ್ಟುಕೊಂಡೇ ಬಡಿಸುವುದು ಹೇಗೆಂದು ನಮ್ಮ ಕಾಲದಲ್ಲೇ ಒಬ್ಬರು ತೋರಿಸಿಕೊಟ್ಟರು. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆಶ್ರಮ ನಡೆಸುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನು, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ ಎಂಬ ಇಬ್ಬರು ಗಂಡುಮಕ್ಕಳ ಸಮೇತ, 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಮಲಗಿದ್ದ ವಾಹನಕ್ಕೇ ಬೆಂಕಿಯಿಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಪತ್ನಿ ಗ್ಲಾಡಿಸ್. ನ್ಯಾಯಾಲಯ ತನ್ನ ಪಾಡಿಗೆ ಶಿಕ್ಷೆ ಕೊಟ್ಟಿತು. ಕ್ಷಮೆ ಅದಕ್ಕೆ ಅಡ್ಡ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಆ ಒಂದು ಮಾತು ಊರೆಲ್ಲ ಸುದ್ದಿಯಾಯಿತು. ಮುಂದಿನ ವರ್ಷಗಳು ಅಷ್ಟಾಗಿ ಸುದ್ದಿಯಾಗಲಿಲ್ಲ.

ಗ್ಲಾಡಿಸ್ ಗಂಟುಮೂಟೆ ಕಟ್ಟಿಕೊಂಡು ಹೊರಡಲಿಲ್ಲ, ಬಾರಿಪದದಲ್ಲೇ ಉಳಿದು ಆಶ್ರಮದ ಹೊಣೆ ಹೊತ್ತರು. ಕುಷ್ಠ ನರಗಳನ್ನು ಹಾಳುಮಾಡುತ್ತದೆ. ಅಂಗಾಲಿಗೆ ಮುಳ್ಳು ಚುಚ್ಚಿದರೂ ರೋಗಿಗೆ ತಿಳಿಯದು. ಔಷಧಿಯಿಂದ ರೋಗ ವಾಸಿಯಾದರೂ ಹೋದ ಸ್ಪರ್ಶ ಮರಳುವುದು ಕಷ್ಟ. ಹಾಗಾಗಿ ದಿನವೂ ಪಾದ ನೀರಿನಲ್ಲಿ ನೆನೆಸಬೇಕು, ಒರಟು ಚರ್ಮ ಉಜ್ಜಬೇಕು, ಎಣ್ಣೆ ಹಚ್ಚಬೇಕು, ಹೊಸ ಗಾಯ ಇದೆಯೇ ಎಂದು ಬೆರಳು ಬೆರಳು ಬಿಡಿಸಿ ನೋಡಬೇಕು. ನಾಳೆ ಮತ್ತೆ ಅದೇ. ಗಂಡನನ್ನೂ ಮಕ್ಕಳನ್ನೂ ಮಣ್ಣಿಗಿಟ್ಟ ಊರಿನಲ್ಲಿ ಗ್ಲಾಡಿಸ್ ಇಂಥ ಕೆಲಸ ನಿಲ್ಲದಂತೆ ನೋಡಿಕೊಂಡರು. 2004ರಲ್ಲಿ ಗ್ರಹಾಂ ಹೆಸರಿನ ಆಸ್ಪತ್ರೆಯೂ ಅಲ್ಲಿ ಶುರುವಾಯಿತು. ಮರುವರ್ಷ ಭಾರತ ಸರ್ಕಾರ ಗ್ಲಾಡಿಸ್ ಅವರಿಗೆ ಪದ್ಮಶ್ರೀ ಕೊಟ್ಟಿತು. ಕ್ಷಮೆಯ ಮಾತಿಗಲ್ಲ, ಸಮಾಜಸೇವೆಗೆ.