ಹೋರಾಟದ ಮಾತುಗಳೂ ಅವುಗಳ ಒಡನಾಡಿಗಳೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಕನ್ನಡ ಸಂಘದ ಉತ್ಸವದಲ್ಲಿ ಇಂಗ್ಲಿಷಿನ ವಿಚಾರವಾಗಿ ಮಾತನಾಡಲು ನಿಂತರೆ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ನಮ್ಮ ಕಾಸರಗೋಡಿನ ಮಕ್ಕಳ ಪಾಡನ್ನು ತಾವೆಲ್ಲ ಬಲ್ಲಿರಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಮಲಯಾಳ. ಇಷ್ಟರ ಮೇಲೆ ಇಂಗ್ಲಿಷು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನು ಕಾಲೇಜಿನಲ್ಲಿ ಇಂಗ್ಲಿಷಿಗೆ ಬಂದಾಗ ಎಡವಿದನೆಂದರೆ, ತಂದೆತಾಯಿಗಳು ಕನ್ನಡ ಮಾಧ್ಯಮದ ಮೇಲೆಯೇ ತಪ್ಪು ಹೊರಿಸಿ ಅವನ ತಮ್ಮನನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಎಡವಿದ್ದು ಯಾವ ಕಲ್ಲಿಗೆ ಎಂಬುದನ್ನು ಬಗ್ಗಿ ನೋಡಿದವರು ಕಡಿಮೆ.

ನಾನು ಕಂಡಮಟ್ಟಿಗೆ ಆ ಹುಡುಗನಿಗೆ ಪದಗಳು ಬಾರದೆ ಇಲ್ಲ. ವ್ಯಾಕರಣವೂ ಅಷ್ಟಾಗಿ ಕೆಟ್ಟಿರುವುದಿಲ್ಲ. ಯಾವ ಪದವು ಯಾವ ಪದದೊಡನೆ ಕೂಡಿ ಬಾಳುತ್ತದೆ ಎಂಬುದೊಂದು ತಿಳಿಯದು. ಇಂಗ್ಲಿಷ್ ವಿದ್ವಾಂಸರು ಈ ಒಡನಾಟವನ್ನು 'ಕಾಲೊಕೇಷನ್' ಎನ್ನುತ್ತಾರೆ. ಜಪಾನಿನಲ್ಲಿದ್ದ ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸರು 1933ರಲ್ಲಿ ಇಂಥ ಜೋಡಿಗಳ ಕುರಿತಾಗಿಯೇ ಟೋಕಿಯೋದಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಪರಭಾಷೆಯ ಮಕ್ಕಳಿಗೆ ಕಲಿಸಹೊರಟಾಗಲೇ ಈ ಸಂಗತಿ ಕಣ್ಣಿಗೆ ಬೀಳುವುದು. ಚರಿತ್ರೆಯ ಪಾಠದಲ್ಲಿಯೂ ಪತ್ರಿಕೆಯಲ್ಲಿಯೂ ದಿನಬೆಳಗಾದರೆ ಎದುರಾಗತಕ್ಕ ಕಾಳಗ, ಜಗಳ, ಹೋರಾಟಗಳ ಮಾತನ್ನೇ ನಾನು ಇಂದು ಉದಾಹರಣೆಯಾಗಿ ಎತ್ತಿಕೊಂಡಿದ್ದೇನೆ.

'ಯುದ್ಧ ಮಾಡಿದನು' ಎಂಬುದನ್ನು ಹುಡುಗನು 'ಡಿಡ್ ಎ ವಾರ್' ಎಂದು ಬರೆಯುತ್ತಾನೆ. ನಮ್ಮ 'ಮಾಡು' ಎಂಬ ಧಾತುವು ಬಹು ಉದಾರಿ. ಕರೆದವರ ಮನೆಗೆಲ್ಲ ಹೋಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. 'ವಾರ್' ಎಂಬುದನ್ನು 'ವೇಜ್' ಮಾಡಬೇಕು, ಸಾರುವುದಾದರೆ 'ಡಿಕ್ಲೇರ್', 'ಬ್ಯಾಟಲ್' ಆದರೆ 'ಫೈಟ್', ಮುತ್ತಿಗೆಗೆ 'ಲೇ'. ಈ 'ವೇಜ್' ಎಂಬುದು ಕೂಲಿ ಎಂಬರ್ಥದ 'ವೇಜಸ್'ನ ಒಡಹುಟ್ಟು. ಒತ್ತೆ ಎಂಬರ್ಥದ ಹಳೆಯ ಫ್ರೆಂಚ್ ಮಾತೊಂದು ಎರಡಕ್ಕೂ ತಾಯಿ. ನಮ್ಮಲ್ಲಿಯೂ 'ಮಾಡು' ಒಂದನ್ನು ಬಿಟ್ಟರೆ ಉಳಿದವುಗಳ ಕಟ್ಟುನಿಟ್ಟು ಇಂಥದೇ. ಯುದ್ಧವನ್ನು ಹೂಡುತ್ತೇವೆ, ಸಾರುತ್ತೇವೆ. ಜಗಳವನ್ನು ಆಡುತ್ತೇವೆ, ತೆಗೆಯುತ್ತೇವೆ. ಜಗಳವನ್ನು ಸಾರಿದವರನ್ನು ಯಾರೂ ಕಂಡಿಲ್ಲ. ಯಕ್ಷಗಾನದ 'ಕೃಷ್ಣಾರ್ಜುನ ಕಾಳಗ'ವನ್ನು 'ಕೃಷ್ಣಾರ್ಜುನ ಹೋರಾಟ'ವೆಂದರೆ ಭಾಗವತರು ಜಾಗಟೆಯನ್ನು ಕೆಳಗಿಟ್ಟಾರು!

ಎಲ್ಲಕ್ಕಿಂತ ಅಪಾಯಕಾರಿಯಾದುದು 'ವಿತ್' ಎಂಬ ಪುಟ್ಟ ಮಾತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವು ಬ್ರಿಟಿಷರೊಡನೆ ಹೋರಾಡಿದನು. ಗೆಳೆಯನೊಡನೆ ಉಂಡರೂ ಹಗೆಯೊಡನೆ ಕಾದಿದರೂ ನಮಗೆ 'ಒಡನೆ' ಒಂದೇ. ಆದರೆ ಕಾದುವ ಮಾತು ಬಂದಲ್ಲಿ ಎದುರಿಗಿರುವವನು ಹಗೆಯೆಂಬುದರಲ್ಲಿ ಸಂದೇಹವಿರದು. ಇದನ್ನು ಹುಡುಗನು 'ಟಿಪ್ಪು ಫಾಟ್ ವಿತ್ ದಿ ಬ್ರಿಟಿಷ್' ಎಂದು ಇಂಗ್ಲಿಷಿಗೆ ತಿರುಗಿಸುತ್ತಾನೆ. ತಪ್ಪೆನ್ನಲಾಗದು; ಆದರೆ ಬ್ರಿಟಿಷರ ಪಕ್ಷದಲ್ಲಿ ನಿಂತು ಕಾದಿದನೆಂಬ ಅರ್ಥವೂ ಅದಕ್ಕೆ ಉಂಟು. ಆ ಯುದ್ಧದಲ್ಲಿ ಹೈದರಾಬಾದಿನ ನಿಜಾಮನ ಸೈನ್ಯವು ಬ್ರಿಟಿಷರ ಜೊತೆಗಿತ್ತಷ್ಟೆ; ಅವನ ವಿಷಯದಲ್ಲಿಯೂ ಇದೇ ವಾಕ್ಯವನ್ನು ಬರೆಯಬಹುದು! ಒಂದೇ ವಾಕ್ಯವು ವೈರಿಗೂ ಮಿತ್ರನಿಗೂ ಸಂದರೆ ಚರಿತ್ರೆಯ ಗತಿಯೇನು? ಆದಕಾರಣ ಹಗೆಯ ಮುಂದೆ 'ಅಗೇನ್‌ಸ್ಟ್', ಗುರಿಯ ಮುಂದೆ 'ಫಾರ್', ಹೆಗಲೆಣೆಯಾಗಿ ನಿಂತವನ ಮುಂದೆ 'ಅಲಾಂಗ್‌ಸೈಡ್' ಎಂದು ಮಕ್ಕಳಿಗೆ ಮೊದಲೇ ರೂಢಿ ಮಾಡಿಸುವುದು ಲೇಸು.

'ಪಿಕ್ ಎ ಫೈಟ್' ಎಂಬುದು ಕಷ್ಟವಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುವುದೇ ಅದು. ಕೋಳಿಅಂಕವನ್ನು ಕಂಡ ನಮ್ಮವರಿಗೆ ವಿವರಣೆ ಬೇಡ. 'ಪುಟ್ ಅಪ್ ಎ ಗುಡ್ ಫೈಟ್' ಎಂಬಲ್ಲಿ ಮಾತ್ರ ಎಚ್ಚರವಿರಲಿ. ಅದು ಬಹುಮಟ್ಟಿಗೆ ಸೋತವನಿಗೆ ಸಲ್ಲುವ ಹೊಗಳಿಕೆ.

ನೆರೆಯ ಮಲಯಾಳವೂ ನಮ್ಮ ಮಕ್ಕಳಿಗೆ ಒಂದು ತೊಡಕನ್ನಿಟ್ಟಿದೆ. ಅಲ್ಲಿ 'ಸಮರ' ಎಂದರೆ ಮುಷ್ಕರ, ಚಳವಳಿ. ಕನ್ನಡದಲ್ಲಿ ಅದು ರಣರಂಗದ ಯುದ್ಧ. ಬಸ್ಸಿನವರ ಸಮರವನ್ನು 'ವಾರ್' ಎಂದು ಭಾಷಾಂತರಿಸಿದರೆ ಓದಿದವರು ಬೆಚ್ಚಿಬಿದ್ದಾರು. 'ಹೋರಾಟ'ವಾದರೋ ನಮಗೂ ಅವರಿಗೂ ಒಂದೇ ಬೇರಿನದು. ಹಳಗನ್ನಡದ ಪಕಾರವು ನಮ್ಮಲ್ಲಿ ಹಕಾರವಾಯಿತು. ಮಲಯಾಳವೂ ತಮಿಳೂ 'ಪೋರಾಟ್ಟಂ' ಎಂದು ಅದನ್ನು ಉಳಿಸಿಕೊಂಡವು.

ಈ ಹೋರಾಟವೆಂಬ ಒಳ್ಳೆಯ ಮಾತಿಗೆ ಈಗ ದುಡಿತ ಹೆಚ್ಚಾಗಿದೆ. 'ಸ್ಟ್ರಗಲ್' ಕಂಡಲ್ಲೆಲ್ಲ ಭಾಷಾಂತರಕಾರರು ಅದನ್ನೇ ಹಚ್ಚುತ್ತಾರೆ. ಸ್ವಾತಂತ್ರ್ಯದ ಮುಂದೆ ಅದು ಒಪ್ಪುತ್ತದೆ. ಆದರೆ ರೋಗಿಯು ಉಸಿರಿಗಾಗಿ ಹೋರಾಡುವುದಿಲ್ಲ, ಒದ್ದಾಡುತ್ತಾನೆ. ಲೆಕ್ಕ ಬಾರದ ಹುಡುಗನು ತಿಣುಕುತ್ತಾನೆ. ನೀರಿಲ್ಲದ ಊರವರು ಪರದಾಡುತ್ತಾರೆ. ಮೊಂಡು ಮಗುವಿನೊಡನೆ ತಾಯಿ ಏಗುತ್ತಾಳೆ. ಇಂಗ್ಲಿಷಿನ ಒಂದು ಮಾತಿನ ಎದುರಿಗೆ ನಮ್ಮಲ್ಲಿ ಇಷ್ಟೊಂದು ಇರುವಾಗ ಒಂದನ್ನೇ ಹಿಡಿದು ಉಳಿದವನ್ನು ಮರೆಯುವುದು ಯಾವ ಜಾಣತನ? ಡಾರ್ವಿನ್ ಮಹಾಶಯರು 1859ರ ತಮ್ಮ ಗ್ರಂಥದ ಮೂರನೆಯ ಅಧ್ಯಾಯಕ್ಕೆ 'ಸ್ಟ್ರಗಲ್ ಫಾರ್ ಎಗ್ಸಿಸ್ಟೆನ್ಸ್' ಎಂದು ಹೆಸರಿಟ್ಟು, ಈ ಮಾತನ್ನು ವಿಶಾಲವಾದ ಲಾಕ್ಷಣಿಕ ಅರ್ಥದಲ್ಲಿ ಗ್ರಹಿಸಬೇಕೆಂದು ಬಿಡಿಸಿ ಹೇಳಿದರು. ಮರುಭೂಮಿಯ ಅಂಚಿನಲ್ಲಿ ಬರಗಾಲಕ್ಕೆದುರಾಗಿ ಬದುಕುವ ಗಿಡವೂ ಅವರ ಉದಾಹರಣೆಗಳಲ್ಲೊಂದು. ಅದನ್ನು 'ಜೀವನ ಸಂಗ್ರಾಮ'ವೆಂದೊಡನೆ ನಮ್ಮ ಕಣ್ಣಿಗೆ ಕತ್ತಿಗುರಾಣಿಗಳೇ ಕಟ್ಟುತ್ತವೆ. ಆ ಗಿಡದ ಕೈಯಲ್ಲಿ ಕತ್ತಿಯಿಲ್ಲ, ಅದು ಹೆಣಗುತ್ತದೆ.

ಕ್ಯಾನ್ಸರಿನೊಡನೆ ನಡೆಸಿದ ಹೋರಾಟದಲ್ಲಿ ಇಂಥವರು ಸೋತರು ಎಂದು ಪತ್ರಿಕೆಗಳು ಬರೆಯುವುದೂ ಇಂಗ್ಲಿಷಿನಿಂದ ಬಂದ ಬಳುವಳಿಯೇ. ಕಾಯಿಲೆಯಿಂದ ತೀರಿಕೊಂಡವರನ್ನು ಸೋತವರೆಂದು ಕರೆಯಲು ನನಗಂತೂ ನಾಲಿಗೆ ಏಳದು.

ನಮ್ಮ ತರಗತಿಯಲ್ಲಿ ಮಕ್ಕಳು ಒಂದು ಪುಸ್ತಕವನ್ನಿಟ್ಟಿದ್ದಾರೆ. ಎಡಗಡೆಯಲ್ಲಿ ಇಂಗ್ಲಿಷಿನ ಜೋಡಿ; ಬಲಗಡೆಯಲ್ಲಿ ಪದಕ್ಕೆ ಪದವಲ್ಲ, ಕನ್ನಡದ್ದೇ ಜೋಡಿ. ಬಲಗಡೆಯನ್ನು ತುಂಬಲು ನಿಘಂಟು ಸಾಲದು. ಮನೆಯ ಹಿರಿಯರು ಬೇಕು. ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಮಕ್ಕಳು ಆ ಪುಸ್ತಕ ಹಿಡಿದು ಬಂದಾಗ ಒಂದು ಗಳಿಗೆ ಕುಳಿತು ಮಾತನಾಡಿರಿ. 'ಸ್ಟ್ರಗಲ್ ಟು ಮೇಕ್ ಎಂಡ್ಸ್ ಮೀಟ್' ಎಂಬುದರ ಎದುರಿಗೆ ಹುಡುಗಿಯೊಬ್ಬಳು 'ತುದಿಗಳನ್ನು ಕೂಡಿಸಲು ಹೋರಾಟ' ಎಂದು ಬರೆದಿದ್ದಳು. ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆನು. ಮರುದಿನ 'ಹೊಟ್ಟೆಬಟ್ಟೆಗೆ ಹೆಣಗುವುದು' ಎಂದು ಬರೆದು ತಂದಳು.