ದುಃಖಕ್ಕೆ ತಕ್ಕಡಿ ಉಂಟೇ?



ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅಂಕಿಗಳ ಮೇಲೆ ನಂಬಿಕೆ ಹೆಚ್ಚು. ಜಮೆ, ಖರ್ಚು, ಶಿಲ್ಕು ತಾಳೆಯಾದರೆ ಆ ದಿನದ ಕೆಲಸ ಮುಗಿಯಿತು. ಆದರೆ ಮನುಷ್ಯನ ಸಿಟ್ಟು, ಭಯ, ದುಃಖಗಳನ್ನೂ ಅಂಕಿಯಲ್ಲಿ ಬರೆಯಬಹುದೇ? ಮನಃಶಾಸ್ತ್ರಜ್ಞರು ನೂರು ವರ್ಷಗಳಿಗೂ ಮೇಲ್ಪಟ್ಟು ಈ ಪ್ರಯತ್ನ ನಡೆಸಿದ್ದಾರೆ. ಅದನ್ನು ಕುರಿತು ಇಂದು ನಾಲ್ಕು ಮಾತು.

ಈ ಶಾಸ್ತ್ರಕ್ಕೂ ಬಾನುಲಿಗೂ ಒಂದು ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನಃಶಾಸ್ತ್ರ ವಿಭಾಗವನ್ನು ಬೆಳೆಸಿದವರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದವರೂ ಅವರೇ. ‘ಆಕಾಶವಾಣಿ’ ಎಂಬುದು ಆ ಪುಟ್ಟ ನಿಲಯದ ಹೆಸರು; ಮುಂದೆ ಅದೇ ಇಡೀ ದೇಶದ ಬಾನುಲಿಯ ಹೆಸರಾಯಿತು.

ಭಾವವನ್ನು ಅಳೆಯಲು ಮುಖ್ಯವಾಗಿ ಎರಡು ದಾರಿ. ಒಂದು, ಮೈಯನ್ನು ನೋಡುವುದು. ಇನ್ನೊಂದು, ಬಾಯಿಂದ ಕೇಳುವುದು.

ಮೈ ನೋಡುವುದು ನಮಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ: ಮೈ ಮರಗಟ್ಟುವುದು, ಬೆವರುವುದು, ರೋಮಾಂಚನ, ದನಿ ಒಡೆಯುವುದು, ನಡುಕ, ಮೋರೆ ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. 1888ರಲ್ಲಿ ಫ್ರಾನ್ಸಿನ ಫೆರೆ ಎಂಬ ವೈದ್ಯರು ಭಾವಕ್ಕೆ ತಕ್ಕಂತೆ ಚರ್ಮದಲ್ಲಿ ವಿದ್ಯುತ್ತಿನ ಹರಿವು ಬದಲಾಗುವುದನ್ನು ಗಮನಿಸಿದರು. ಮನಸ್ಸು ಕಲಕಿದಾಗ ಅಂಗೈಯಲ್ಲಿ ಬೆವರು ಒಸರುತ್ತದೆ, ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಇದರ ಜೊತೆಗೆ ಉಸಿರು, ನಾಡಿ, ರಕ್ತದ ಒತ್ತಡ ಸೇರಿಸಿದರೆ ಸುಳ್ಳು ಹಿಡಿಯುವುದೆಂದು ಹೇಳುವ ಯಂತ್ರ ಸಿದ್ಧ.

ಇಲ್ಲೇ ಎಚ್ಚರ ಬೇಕು. ಠಾಣೆಗೆ ಕರೆದೊಯ್ದರೆ ಕಳ್ಳನ ಕೈಯೂ ಬೆವರುತ್ತದೆ, ಏನೂ ಅರಿಯದ ಬಡವನ ಕೈಯೂ ಬೆವರುತ್ತದೆ. ಮನಸ್ಸು ಎಷ್ಟು ಕಲಕಿದೆ ಎಂದು ಯಂತ್ರ ಹೇಳೀತು. ಏಕೆ ಎಂದು ಹೇಳಲಾರದು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತಿತು. ಇಂಥ ಪರೀಕ್ಷೆಗೆ ಯಾರನ್ನೂ ಬಲವಂತವಾಗಿ ಒಳಪಡಿಸಕೂಡದು. ಒಪ್ಪಿಕೊಂಡು ಮಾಡಿಸಿಕೊಂಡರೂ ಅದರ ಫಲಿತಾಂಶವೊಂದೇ ಸಾಕ್ಷ್ಯವಾಗದು. ಬಡವರು ನೆನಪಿಡಬೇಕಾದ ತೀರ್ಪು ಇದು.

ಎರಡನೆಯ ದಾರಿ ಪ್ರಶ್ನೆಗಳದು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲಿನ ಅಳತೆಯನ್ನು ಅಮೆರಿಕದ ಲಿಕರ್ಟ್ 1932ರಲ್ಲಿ ರೂಢಿಗೆ ತಂದರು. ಸುಲಭವಾದದ್ದು, ನಿಜ. ಆದರೆ ದಾಮರಗಿದ್ದದಂಥ ಗಡಿಯ ಊರಿನಲ್ಲಿ ಯಾವ ಮಾತಿನಲ್ಲಿ ಕೇಳುವುದು? ತೆಲುಗಿನವರು ‘ಬಾಧ’ ಎಂದರೆ ಮನಸ್ಸಿನ ನೋವೂ ಆದೀತು. ಕನ್ನಡದಲ್ಲಿ ‘ಬಾಧೆ’ ಎಂದೊಡನೆ ರೋಗದ ಕಾಟ, ಜಲಬಾಧೆ ನೆನಪಾಗುತ್ತವೆ. ‘ಸಂಕಟ’ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ‘ಬ್ಯಾಸರ’ ಎಂದವಳಿಗೆ ಕೆಲಸ ಸಾಕಾಗಿರಬಹುದು, ಇಲ್ಲವೇ ಬದುಕೇ ಸಾಕಾಗಿರಬಹುದು. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಲೆಕ್ಕ ತಾಳೆಯಾದರೂ ಜೀವಕ್ಕೆ ಅಪಾಯ.

ಆದ್ದರಿಂದಲೇ ಬಲ್ಲವರು ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ಬೇರೊಬ್ಬರಿಂದ ಮರಳಿ ಮೂಲ ಭಾಷೆಗೆ ತಿರುಗಿಸಿ, ಅರ್ಥ ಉಳಿಯಿತೇ ಎಂದು ಹೋಲಿಸುತ್ತಾರೆ. ಮಾತಿನ ತೊಡಕು ತಪ್ಪಿಸಲು ಬೊಂಬೆಯ ಚಿತ್ರಗಳೂ ಇವೆ. ಬ್ರಾಡ್ಲಿ ಮತ್ತು ಲ್ಯಾಂಗ್ ಎಂಬ ವಿದ್ವಾಂಸರು 1994ರಲ್ಲಿ ಇವನ್ನು ವಿವರಿಸಿದರು. ನಗುವ ಬೊಂಬೆಯಿಂದ ಅಳುಮೋರೆಯ ಬೊಂಬೆಯವರೆಗೆ ಸಾಲಾಗಿರುತ್ತವೆ. ತನಗೆ ಹೊಂದುವುದನ್ನು ಗುರುತಿಸಿದರಾಯಿತು.

ಇನ್ನೊಂದು ತೊಡಕು ನಮ್ಮದೇ. ಬೆಳೆ ಹೋಗಿ ಸಾಲ ಉಳಿದ ರೈತನನ್ನು ಬ್ಯಾಂಕಿನ ಕೌಂಟರಿನಲ್ಲಿ ‘ಹ್ಯಾಂಗಿದ್ದೀರಿ?’ ಎಂದರೆ, ‘ಎಲ್ಲಾ ಛಲೋ ಅದರೀ ಸಾಹೇಬ್ರ’ ಎಂದೇ ಉತ್ತರ. ಅದು ಸುಳ್ಳಲ್ಲ, ಮರ್ಯಾದೆ. ಆದರೆ ಡಾಕ್ಟರ ಮುಂದೆ ಈ ಮರ್ಯಾದೆ ಬೇಡ.

ತಾಯಂದಿರೇ, ಅಣ್ಣಂದಿರೇ, ದವಾಖಾನೆಯಲ್ಲಿ ನಿಮ್ಮ ಮನಸ್ಸಿನ ಬಗ್ಗೆ ಯಾರಾದರೂ ಕೇಳಿದರೆ, ತಿಳಿಯದ ಮಾತನ್ನು ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿ ಎನ್ನಿರಿ. ಸಂಶೋಧನೆಗೆ ಬಂದವರಾದರೆ ಏಕೆ ಕೇಳುತ್ತೀರಿ ಎಂದು ವಿಚಾರಿಸಿರಿ; ಬೇಡವೆನ್ನುವ ಹಕ್ಕೂ ನಿಮ್ಮದೇ. ನಿದ್ದೆ ಬಾರದಿದ್ದರೆ, ಬದುಕು ಸಾಕೆನಿಸಿದ್ದರೆ, ಅದನ್ನು ಬಾಯಿಬಿಟ್ಟು ಹೇಳಿರಿ. ಹೇಳದ ನೋವು ಯಾವ ತಕ್ಕಡಿಗೂ ಬಾರದು.