ಕಾರ್ಖಾನೆಯ ಕೀಲಿಕೈ ಯಾರ ಬಳಿ?

ಮೋರಖಂಡಿಯಂಥ ಹಳ್ಳಿಯ ರೈತನೊಬ್ಬ ಇಂದು ಬೆಳಗ್ಗೆ ಕಬ್ಬು ಕಡಿಸಿದನೆಂದು ಭಾವಿಸಿ. ಆ ಗಳಿಗೆಯಿಂದಲೇ ಅವನ ಕಬ್ಬು ಒಣಗತೊಡಗುತ್ತದೆ. ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಹರಳುಗಟ್ಟದ ರೂಪಕ್ಕೆ ತಿರುಗುತ್ತದೆ. ಅವನ ಗಾಡಿ ಕಾರ್ಖಾನೆಯ ಬಾಗಿಲಲ್ಲಿ ನಿಂತಿರುವಾಗ ಒಳಗೆ ಯಂತ್ರ ನಿಂತುಹೋದರೆ, ನಷ್ಟ ಕಾರ್ಖಾನೆಗೆ ಮಾತ್ರವೆ?

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದಂದಿನಿಂದ ಈ ಸೀಮೆಯ ಜನಕ್ಕೆ ಕಾರ್ಖಾನೆಯ ಏಳುಬೀಳು ತಮ್ಮ ಮನೆಯ ಮಾತೇ ಆಗಿದೆ. ಆದುದರಿಂದ ಎಂಜಿನಿಯರುಗಳ ಕೋಣೆಯ ಪ್ರಶ್ನೆಯೊಂದನ್ನು ಇಂದು ನಿಮ್ಮ ಮುಂದಿಡುತ್ತೇನೆ. ಯಂತ್ರಗಳನ್ನು ನಡೆಸುವ ನಿಯಂತ್ರಣ ಸಲಕರಣೆ ಹಳತಾದಾಗ, ಅದನ್ನು ಕೊಟ್ಟವರಿಂದಲೇ ಹೊಸದನ್ನು ಕೊಳ್ಳಬೇಕೆ, ಬೇರೆಯವರ ಬಳಿ ಹೋಗಬೇಕೆ?

ಈ ಸಲಕರಣೆ ಮಾಡುವ ಕೆಲಸವಾದರೂ ಏನು? ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿಯದಂತೆ ಕಾಯುವುದು, ಗಾಣದ ಬಾಯಿಗೆ ಕಬ್ಬು ಹದವಾಗಿ ಬೀಳುವಂತೆ ನೋಡುವುದು, ರಸಕ್ಕೆ ಸೇರುವ ಸುಣ್ಣವನ್ನು ಅಳೆಯುವುದು. ಹಿಂದೆ ಇಂಥ ಕೆಲಸಕ್ಕೆ ಬೀರುಗಟ್ಟಲೆ ರಿಲೇಗಳೂ ತಂತಿಗಳೂ ಬೇಕಾಗುತ್ತಿದ್ದವು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಇದಕ್ಕೊಂದು ಬದಲಿಯನ್ನು ಬೇಡಿತು. ಮರುವರ್ಷ ಮೋಡಿಕಾನ್ ಎಂಬ ಯಂತ್ರ ಬಂತು. ತಂತಿಯ ಬದಲು ಅದರೊಳಗೆ ಪ್ರೋಗ್ರಾಂ, ಎಂದರೆ ಕೆಲಸದ ಕ್ರಮವನ್ನು ಹೇಳುವ ಬರಹ. ಇಂದು ಪಿ.ಎಲ್.ಸಿ. ಎಂದು ಕರೆಯುವುದು ಇದರ ಸಂತತಿಯನ್ನೇ.

ತೊಡಕು ಇರುವುದು ಆ ಬರಹದಲ್ಲಿಯೇ. ಬರೆಯುವ ರೀತಿಗೆ 1993ರಲ್ಲಿ ಅಂತರರಾಷ್ಟ್ರೀಯ ಮಾನಕವೇನೋ ಬಂತು. ಆದರೂ ಒಬ್ಬ ತಯಾರಕನ ಪೆಟ್ಟಿಗೆಗೆ ಬರೆದುದು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಹಾಗೆಯೇ ನಡೆಯದು. ಹೊಸಬ ಹತ್ತು ಸಾವಿರ ಕಡಿಮೆ ಹೇಳಿದನೆಂದು ಹಿಗ್ಗುವ ಮುನ್ನ, ಪ್ರೋಗ್ರಾಂ ತಿರುಗಿ ಬರೆಸುವ ಖರ್ಚು, ಕೆಲಸಗಾರರಿಗೆ ಕಲಿಸುವ ಖರ್ಚು, ಕೂಡಿಟ್ಟ ಬಿಡಿಭಾಗಗಳು ವ್ಯರ್ಥವಾಗುವ ನಷ್ಟ, ಇಷ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಹಳಬನಿಗೇ ಜೋತುಬೀಳಬೇಕೆಂದಲ್ಲ. ಹಳೆಯ ಮಾದರಿಗೆ ಬಿಡಿಭಾಗ ನಿಂತುಹೋಗಿದ್ದರೆ ಅವನ ಹೊಸ ಮಾದರಿಗೂ ಬಹುಪಾಲು ತಿರುಗಿ ಬರೆಸಬೇಕಾದೀತು. ಆಗ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಂತೆ. ಕೇಳಬೇಕಾದ ಪ್ರಶ್ನೆಗಳು ಇವು: ಹಂಗಾಮಿನ ನಡುರಾತ್ರಿ ಕರೆದರೆ ಯಾರು ಬಂದಾರು? ಬಿಡಿಭಾಗ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಿಕ್ಕೀತೆ? ಇನ್ನೆಷ್ಟು ವರ್ಷ ಕೊಡುವುದಾಗಿ ಬರೆದುಕೊಡುತ್ತಾರೆ?

ಮೊದಲ ಆಯ್ಕೆ ಮುಂದಿನವರನ್ನು ಎಷ್ಟು ಕಾಲ ಕಟ್ಟಿಹಾಕಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನ ಉಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಾಗ ಅದು ಸೆಕೆಂಡಿಗೆ 25 ಆವರ್ತದ್ದಾಗಿತ್ತು. ಮುಂದೆ ದೇಶದ ಪದ್ಧತಿ 50 ಆವರ್ತವಾಯಿತು. ಗಣಿಯ ಮೋಟಾರುಗಳೆಲ್ಲ ಹಳೆಯ ಲೆಕ್ಕದವು; ಒಂದನ್ನು ಬದಲಿಸಹೊರಟರೆ ಅದರ ಬೆನ್ನಿಗೆ ಇನ್ನೊಂದು.

ಆದುದರಿಂದ ಟೆಂಡರು ಕರೆಯುವ ಮುನ್ನವೇ ಮಾಡಬೇಕಾದ ಕೆಲಸವೊಂದಿದೆ. ಪ್ರೋಗ್ರಾಮಿನ ಪ್ರತಿ, ಅದರ ಗುಪ್ತಪದ, ತಂತಿ ಜೋಡಣೆಯ ನಕ್ಷೆ, ಈ ಮೂರೂ ಕಾರ್ಖಾನೆಯ ಕಪಾಟಿನಲ್ಲಿ ಇರಬೇಕು. ಇವು ಮತ್ತೊಬ್ಬರ ಕೈಯಲ್ಲಿದ್ದರೆ ಕಾರ್ಖಾನೆಯ ಕೀಲಿಕೈಯೇ ಅವರ ಬಳಿ ಇದ್ದಂತೆ. ಆಯ್ಕೆಯ ಮಾತು ಬರಿಯ ಮಾತು. ಇವು ನಮ್ಮಲ್ಲಿದ್ದರೆ ಹಳಬನೊಡನೆಯೂ ಧೈರ್ಯವಾಗಿ ಬೆಲೆ ಮಾತಾಡಬಹುದು.

ಬದಲಿಸುವುದೇ ನಿಶ್ಚಯವಾದರೆ, ಹಂಗಾಮು ಮುಗಿದ ಮೇಲೆ, ಮೊದಲು ಸಣ್ಣದೊಂದು ವಿಭಾಗದಲ್ಲಿ ಮಾಡಿ ನೋಡುವುದು ಲೇಸು. ಬಾಯ್ಲರಿಗೆ ಕೈಹಾಕುವುದು ಅದರ ಫಲ ಕಂಡ ಮೇಲೆ.

ನಿಮ್ಮಲ್ಲಿ ಅನೇಕರು ಸಹಕಾರ ಸಂಘಗಳ ಷೇರುದಾರರು. ಮುಂದಿನ ಸಭೆಯಲ್ಲಿ "ಹೊಸ ಯಂತ್ರಕ್ಕೆ ಎಷ್ಟು ಕೊಟ್ಟಿರಿ?" ಎಂದು ಕೇಳುವಿರಿ, ಅದು ನ್ಯಾಯವೇ. ಅದರ ಜೊತೆಗೆ "ಅದರ ಕೀಲಿಕೈ ಯಾರ ಬಳಿ ಇದೆ?" ಎಂದೂ ಕೇಳಿರಿ. ಬಾಗಿಲಲ್ಲಿ ಕಾದು ನಿಂತ ಗಾಡಿಯವನ ಪರವಾಗಿ ಕೇಳಬೇಕಾದ ಪ್ರಶ್ನೆ ಅದು.